ಡೆಕ್‌ಗೆ ಮರವೋ ಕಂಪೋಸಿಟ್ಟೋ? ಹಲಗೆಯ ಬೆಲೆಯೊಂದನ್ನೇ ನೋಡಬೇಡಿ

ಪ್ರಶ್ನೆ: ನಮ್ಮ ಮನೆಯ ಹಿಂದೆ 12 ಅಡಿಗೆ 16 ಅಡಿಯ ಮರದ ಡೆಕ್ (ಹಲಗೆ ಹಾಸಿದ ತೆರೆದ ಜಗಲಿ) ಇದೆ. ಕಟ್ಟಿಸಿ 14 ವರ್ಷ ಆಯಿತು. ಮೊದಮೊದಲು ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಹಚ್ಚುತ್ತಿದ್ದೆವು, ಆಮೇಲೆ ಅದು ಬಿಟ್ಟೇ ಹೋಯಿತು. ಈಗ ಹಲಗೆಗಳು ಬಿರುಕು ಬಿಟ್ಟು ಮಕ್ಕಳ ಕಾಲಿಗೆ ಸಿಬಿರು ಚುಚ್ಚುತ್ತಿದೆ. ಎರಡು ಕೊಟೇಶನ್ ತೆಗೆದುಕೊಂಡೆವು. ಒಂದು ಕೊಳೆಯದಂತೆ ಮದ್ದು ಹಾಕಿ ಟ್ರೀಟ್ ಮಾಡಿದ ಪೈನ್ ಮರದ್ದು, ಇನ್ನೊಂದು ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ ಕಂಪೋಸಿಟ್ ಹಲಗೆಯದ್ದು. ಎರಡರಲ್ಲೂ ಹೊಸ ಫ್ರೇಮ್ (ಹಲಗೆಯ ಕೆಳಗಿನ ತೊಲೆಗಳ ಚೌಕಟ್ಟು) ಸೇರಿದೆ. ಕಂಪೋಸಿಟ್ ಹಲಗೆಯ ಬೆಲೆ ಮರದ ಎರಡೂವರೆ ಪಟ್ಟು! 'ಒಮ್ಮೆ ಹಾಕಿದರೆ ಮುಗೀತು, 25 ವರ್ಷ ತಿರುಗಿ ನೋಡುವ ಹಾಗಿಲ್ಲ' ಅನ್ನುತ್ತಾರೆ. ಜಾಸ್ತಿ ಕೊಟ್ಟ ದುಡ್ಡು ನಿಜವಾಗಿ ವಾಪಸ್ ಬರುತ್ತದಾ? ಮನೆ ಮಾರುವ ಯೋಚನೆ ಇಲ್ಲ. ಇನ್ನೊಂದು ವಿಷಯ, ಈಗಿನ ಫ್ರೇಮ್ ಗಟ್ಟಿಯಾಗಿಯೇ ಕಾಣುತ್ತದೆ. ಅದನ್ನು ಉಳಿಸಿಕೊಂಡು ಮೇಲೆ ಕಂಪೋಸಿಟ್ ಹಾಕಬಹುದಾ?

ಉತ್ತರ: ಎರಡೂವರೆ ಪಟ್ಟು ಅಂದ ಕೂಡಲೇ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಅದು ಹಲಗೆಗೆ ಮಾತ್ರ ಸೇರಿದ ಅಂಕಿ. ಡೆಕ್ ಅಂದರೆ ಹಲಗೆಯ ಜೊತೆಗೆ ಕೆಳಗಿನ ಪಾಯ, ಕಂಬ, ತೊಲೆಗಳು, ರೇಲಿಂಗ್, ಮೆಟ್ಟಿಲು, ಕೂಲಿ ಎಲ್ಲವೂ ಬಂತು. ಹಲಗೆ ಯಾವುದೇ ಇರಲಿ, ಇವುಗಳ ಖರ್ಚು ಹೆಚ್ಚುಕಡಿಮೆ ಅಷ್ಟೇ. ಕಂಪೋಸಿಟ್ ಡೆಕ್ ಅಂತ ಕರೆದರೂ ಅದರ ಕೆಳಗಿರುವುದು ಬಹುತೇಕ ಮರದ ಫ್ರೇಮೇ. ಕಂಪೋಸಿಟ್ ಹಲಗೆಗೆ ಭಾರ ಹೊರುವ ತೊಲೆಯಾಗುವ ತಾಕತ್ತು ಇಲ್ಲ.

ಲೆಕ್ಕವನ್ನು ಹೀಗೆ ಹಾಕಿ ನೋಡೋಣ. ಮರದ ಹಲಗೆಗಳ ಒಟ್ಟು ಬೆಲೆಯನ್ನು 100 ಅಂತ ಇಟ್ಟುಕೊಳ್ಳಿ. ಉಳಿದ ಅಂಕಿಗಳನ್ನು ನಾನು ಉದಾಹರಣೆಗೆ ಹಾಕಿದ್ದೇನೆ, ನಿಮ್ಮ ಕೊಟೇಶನ್ ನೋಡಿ ನಿಮ್ಮ ಅಂಕಿ ಹಾಕಿಕೊಳ್ಳಿ. ಪಾಯ ಮತ್ತು ಫ್ರೇಮ್‌ಗೆ 130, ರೇಲಿಂಗ್ ಮತ್ತು ಮೆಟ್ಟಿಲಿಗೆ 120, ಕೂಲಿ 150. ಮರದ ಡೆಕ್‌ಗೆ ಒಟ್ಟು 500 ಆಯಿತು. ಈಗ ಕಂಪೋಸಿಟ್: ಹಲಗೆ 250. ತೊಲೆಗಳು ಸ್ವಲ್ಪ ಹತ್ತಿರ ಹತ್ತಿರ ಬೇಕಾಗುವುದರಿಂದ ಫ್ರೇಮ್ 150. ರೇಲಿಂಗ್ ಮರದ್ದೇ ಇಟ್ಟರೆ ಅದೇ 120. ಹಲಗೆಯನ್ನು ತೊಲೆಗೆ ಹಿಡಿಸುವ, ಕಣ್ಣಿಗೆ ಕಾಣದ ಕ್ಲಿಪ್‌ಗಳ ಬೆಲೆಯೂ ಸೇರಿ ಕೂಲಿ 170. ಒಟ್ಟು 690. ಅಂದರೆ ಹಲಗೆ ಎರಡೂವರೆ ಪಟ್ಟು ದುಬಾರಿಯಾದರೂ ಇಡೀ ಡೆಕ್ ಶೇ. 38ರಷ್ಟು ಮಾತ್ರ ದುಬಾರಿ. ನೀವು ತೂಗಿ ನೋಡಬೇಕಾದ್ದು ಈ ನಡುವಿನ 190ನ್ನು.

ರೇಲಿಂಗ್ ಬಗ್ಗೆ ಒಂದು ಮಾತು. ಕಂಪೋಸಿಟ್ ಹಲಗೆ ಆರಿಸಿದ ಮೇಲೆ ರೇಲಿಂಗೂ ಅದೇ ಕಂಪನಿಯದ್ದು ಇರಲಿ ಅಂತ ಮಾರುವವರು ಹೇಳುತ್ತಾರೆ. ನೋಡಲು ಚೆನ್ನಾಗಿರುತ್ತದೆ, ನಿಜ. ಆದರೆ ಬಜೆಟ್ ಕೈಮೀರುವುದು ಬಹಳ ಸಲ ಇಲ್ಲೇ. ರೇಲಿಂಗನ್ನು ಬೇರೆಯಾಗಿಯೇ ತೀರ್ಮಾನಿಸಿ. ಮರದ ಕಂಬಕ್ಕೆ ಬಣ್ಣ ಹೊಡೆದರೂ ನಡೆಯುತ್ತದೆ, ಪೌಡರ್ ಕೋಟ್ ಮಾಡಿದ ಅಲ್ಯೂಮಿನಿಯಂ ಹಾಕಿದರೂ ನಡೆಯುತ್ತದೆ. ನಿಂತ ಕಂಬದ ಮೇಲೆ ನೀರು ನಿಲ್ಲುವುದಿಲ್ಲ, ಹಾಗಾಗಿ ಅದರ ಬಣ್ಣ ಮಲಗಿದ ಹಲಗೆಯ ಬಣ್ಣಕ್ಕಿಂತ ಜಾಸ್ತಿ ವರ್ಷ ಬರುತ್ತದೆ.

ಈಗ ಆ 190 ಯಾವಾಗ ವಾಪಸ್ ಬರುತ್ತದೆ ಅಂತ ನೋಡೋಣ. ಅದು ಬರಬೇಕಾದ್ದು ಉಳಿತಾಯವಾಗುವ ಸ್ಟೇನ್ ಖರ್ಚಿನಿಂದ. ವರ್ಷಕ್ಕೊಮ್ಮೆ ತೊಳೆಯುವುದು ಎರಡಕ್ಕೂ ಇದ್ದೇ ಇದೆ, ಅದನ್ನು ಬಿಡಿ. ಟ್ರೀಟ್ ಮಾಡಿದ ಪೈನ್‌ಗೆ ಎರಡು ಮೂರು ವರ್ಷಕ್ಕೊಮ್ಮೆ ಸ್ಟೇನ್ ಬೇಕು. ಕೆಲಸದವರನ್ನು ಕರೆದು ಮಾಡಿಸಿದರೆ ಒಂದು ಸಲಕ್ಕೆ 40 ಆಗುತ್ತದೆ ಅಂದುಕೊಳ್ಳಿ. ಕಟ್ಟಿದ ವರ್ಷ ಒಂದು ಸಲ, ಆಮೇಲೆ ಮೂರು, ಆರು, ಒಂಬತ್ತು, ಹನ್ನೆರಡನೇ ವರ್ಷ. ಒಟ್ಟು ಐದು ಸಲ, 200. ಅಂದರೆ ಹನ್ನೆರಡನೇ ವರ್ಷದ ಹೊತ್ತಿಗೆ ಎರಡೂ ಸಮ. ಅದಾದ ಮೇಲೆ ಹದಿನೈದರ ಆಸುಪಾಸಿನಲ್ಲಿ ಮರದ ಹಲಗೆಗಳನ್ನೇ ಬದಲಾಯಿಸಬೇಕಾಗಿ ಬಂದರೆ ಕಂಪೋಸಿಟ್ ಸ್ಪಷ್ಟವಾಗಿ ಮುಂದೆ ಹೋಗುತ್ತದೆ.

ಬ್ರಶ್ ನಿಮ್ಮ ಕೈಯಲ್ಲೇ ಇದ್ದರೆ ಲೆಕ್ಕ ಪೂರ್ತಿ ಬೇರೆ. ಸ್ಟೇನ್ ಡಬ್ಬಕ್ಕೆ ಮಾತ್ರ ಖರ್ಚು, ಸಲಕ್ಕೆ 12 ಅನ್ನೋಣ. ಐದು ಸಲಕ್ಕೆ 60. ಮೊದಲ ಹದಿನೈದು ವರ್ಷ ಮರವೇ ಅಗ್ಗ. ಹಲಗೆ ಬದಲಾಯಿಸುವ ದಿನ ಬಂದಾಗಲೇ ಕಂಪೋಸಿಟ್ ಅದರ ಸಮಕ್ಕೆ ಬರುವುದು. ಏಳೆಂಟು ವರ್ಷದಲ್ಲಿ ಮನೆ ಮಾರುವವರಿಗಂತೂ ಕೂಲಿ ಕೊಟ್ಟು ಮಾಡಿಸಿದರೂ ಮರದಲ್ಲೇ ಉಳಿತಾಯ. ಆ ಹೆಚ್ಚಿನ ಹಣವನ್ನು ಸಾಲ ಮಾಡಿ ತರುವುದಾದರೆ ಬಡ್ಡಿಯನ್ನೂ ಸೇರಿಸಿಕೊಳ್ಳಿ, ಸಮವಾಗುವ ವರ್ಷ ಇನ್ನಷ್ಟು ದೂರ ಹೋಗುತ್ತದೆ.

ಇಲ್ಲಿ ನಿಮ್ಮ ಪತ್ರದ ಒಂದು ಸಾಲು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು: 'ಆಮೇಲೆ ಅದು ಬಿಟ್ಟೇ ಹೋಯಿತು.' ಇದು ತಪ್ಪೇನಲ್ಲ, ಬಹಳ ಮನೆಗಳ ಕಥೆ ಇದೇ. ಸ್ಟೇನ್ ಹಚ್ಚುವ ಕೆಲಸ ಒಂದು ದಿನದಲ್ಲಿ ಮುಗಿಯುವುದಲ್ಲ. ಮೊದಲು ಕುರ್ಚಿ, ಮೇಜು, ಕುಂಡಗಳನ್ನೆಲ್ಲ ಇಳಿಸಬೇಕು. ಉಜ್ಜಿ ತೊಳೆಯಬೇಕು. ಎರಡು ದಿನ ಒಣಗಲು ಬಿಡಬೇಕು. ಆಮೇಲೆ ಮಳೆ ಇಲ್ಲದ, ಸುಡು ಬಿಸಿಲೂ ಇಲ್ಲದ ದಿನ ನೋಡಿ ಹಚ್ಚಬೇಕು. ಮಕ್ಕಳಿರುವ ಮನೆಯಲ್ಲಿ ಇದು ಮುಂದಕ್ಕೆ ಹೋಗುತ್ತಲೇ ಇರುತ್ತದೆ ಅಲ್ವಾ? ಬಿಟ್ಟರೆ ಆಗುವುದೇನು ಅಂದರೆ, ಟ್ರೀಟ್ ಮಾಡಿದ ಪೈನ್ ಕೂಡಲೇ ಕೊಳೆಯುವುದಿಲ್ಲ. ಒಳಗೆ ಹೋಗಿರುವ ತಾಮ್ರದ ಮದ್ದು ಗೆದ್ದಲನ್ನೂ ಬೂಷ್ಟನ್ನೂ ತಡೆಯುತ್ತದೆ. ಆದರೆ ಆ ಮದ್ದು ನೀರನ್ನು ತಡೆಯುವುದಿಲ್ಲ. ಹಲಗೆ ನೆನೆಯುತ್ತದೆ, ಉಬ್ಬುತ್ತದೆ, ಬಿಸಿಲಿಗೆ ಒಣಗಿ ಸೊರಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದು ಬಿರುಕು ಬಿಡುತ್ತದೆ, ಎಳೆ ಎದ್ದು ಸಿಬಿರಾಗುತ್ತದೆ. ನಿಮ್ಮ ಹಲಗೆಗಳಿಗೆ ಆಗಿರುವುದೂ ಇದೇ.

ಆದ್ದರಿಂದ ಹಲಗೆ ಆರಿಸುವಾಗ ನಿಮ್ಮ ರೂಢಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಿಂದಿನ 14 ವರ್ಷ ನೀವು ಎಷ್ಟು ಸಲ ಹಚ್ಚಿದಿರೋ ಮುಂದೆಯೂ ಹೆಚ್ಚುಕಡಿಮೆ ಅಷ್ಟೇ ಹಚ್ಚುತ್ತೀರಿ. ಮಾರುವ ಯೋಚನೆ ಇಲ್ಲ, ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ, ಸ್ಟೇನ್‌ಗೆ ಪುರುಸೊತ್ತಿಲ್ಲ. ಇದೆಲ್ಲ ನೋಡಿದರೆ ನಿಮಗೆ ಕಂಪೋಸಿಟ್ಟೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಯಾವ ಕಂಪೋಸಿಟ್, ಯಾವ ಫ್ರೇಮ್ ಮೇಲೆ ಅನ್ನುವುದರ ಮೇಲೆ ಆ ದುಡ್ಡು ಉಳಿಯುವುದೋ ಮುಳುಗುವುದೋ ನಿಂತಿದೆ.

ಕಂಪೋಸಿಟ್ ಅಂದರೆ ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ, ಬಿಸಿ ಮಾಡಿ, ಅಚ್ಚಿನಿಂದ ಹೊರಗೆ ಒತ್ತಿ ತೆಗೆದ ಹಲಗೆ. 1990ರ ದಶಕದಲ್ಲಿ ಬಂದ ಮೊದಲ ತಲೆಮಾರಿನ ಹಲಗೆಗಳಿಗೆ ಹೊರಪದರ ಇರಲಿಲ್ಲ. ಮರದ ಪುಡಿ ಮೇಲ್ಮೈಯಲ್ಲೇ ಇದ್ದುದರಿಂದ ನೀರು ಹೀರಿಕೊಂಡು ಕಪ್ಪು ಬೂಷ್ಟು ಹಿಡಿಯುತ್ತಿತ್ತು, ಎಣ್ಣೆ ಬಿದ್ದರೆ ಕಲೆ ಹೋಗುತ್ತಿರಲಿಲ್ಲ. 2010ರ ಆಸುಪಾಸಿನಿಂದ ಹಲಗೆಯ ಸುತ್ತ ಗಟ್ಟಿ ಪ್ಲಾಸ್ಟಿಕ್ ಹೊದಿಕೆ ಇರುವ 'ಕ್ಯಾಪ್ಡ್' ಹಲಗೆಗಳು ಹೆಚ್ಚಾದವು. ನೀವು ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಅಂಗಡಿಯಲ್ಲಿ ಒಂದು ತುಂಡು ಕೈಗೆ ತೆಗೆದುಕೊಂಡು ಕೊಯ್ದ ತುದಿಯನ್ನು ನೋಡಿ. ಹೊದಿಕೆ ನಾಲ್ಕೂ ಬದಿಗೆ ಇದೆಯಾ, ಇಲ್ಲ ಮೇಲೆ ಮತ್ತು ಪಕ್ಕಕ್ಕೆ ಮಾತ್ರ ಇದ್ದು ಕೆಳಭಾಗ ಬರಿದಾಗಿದೆಯಾ? ನೆಲಕ್ಕೆ ಹತ್ತಿರ ಇರುವ, ಕೆಳಗೆ ಗಾಳಿ ಆಡದ ಡೆಕ್‌ಗೆ ನಾಲ್ಕೂ ಬದಿ ಮುಚ್ಚಿರುವುದೇ ಬೇಕು. ಒಳಗೆ ಟೊಳ್ಳಾಗಿರುವ ಹಲಗೆ ಅಗ್ಗಕ್ಕೆ ಸಿಗುತ್ತದೆ. ಆದರೆ ತುದಿಯಿಂದ ನೀರು ಒಳಗೆ ಹೋದರೆ ಹೊರಗೆ ಬರುವ ದಾರಿ ಇಲ್ಲ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಬಿಸಿಲಿನ ವಿಷಯವನ್ನು ಕೊಟೇಶನ್‌ನಲ್ಲಿ ಯಾರೂ ಬರೆಯುವುದಿಲ್ಲ. ಕಂಪೋಸಿಟ್ ಮರಕ್ಕಿಂತ ಜಾಸ್ತಿ ಕಾಯುತ್ತದೆ, ಗಾಢ ಬಣ್ಣದ್ದು ಇನ್ನೂ ಜಾಸ್ತಿ. ಬರಿಗಾಲಿನ ಮಕ್ಕಳಿರುವ ಮನೆಗೆ ಇದು ಸಣ್ಣ ವಿಷಯವಲ್ಲ. ನಾಲ್ಕೈದು ಬಣ್ಣದ ಸ್ಯಾಂಪಲ್ ತುಂಡು ಕೇಳಿ ತನ್ನಿ, ಬಿಸಿಲು ಬೀಳುವ ದಿನ ಬೆಳಿಗ್ಗೆಯೇ ಹಳೆ ಡೆಕ್ ಮೇಲೆ ಇಡಿ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಅವನ್ನು ಮುಟ್ಟಿ ನೋಡಿ, ಮೊದಲಿಗೆ ಕೈಯಿಂದ, ಆಮೇಲೆ ಪಾದ ಇಟ್ಟು. ತಿಳಿ ಬೂದು, ತಿಳಿ ಕಂದು ಬಣ್ಣಗಳು ತಡೆದುಕೊಳ್ಳುವಷ್ಟಿರುತ್ತವೆ. ಹಾಗೆಯೇ ಮನೆಯ ಕಿಟಕಿಗೆ ಶಾಖ ತಡೆಯುವ ಪದರದ ಗಾಜು ಇದ್ದರೆ, ಅದರಿಂದ ತಿರುಗಿ ಬೀಳುವ ಬಿಸಿಲು ಒಂದೇ ಜಾಗಕ್ಕೆ ಬಿದ್ದು ಹಲಗೆ ಸೊಟ್ಟಗಾಗುವುದುಂಟು. ಅಂಥ ಹಾನಿಗೆ ವಾರಂಟಿ ಕೊಡದ ಕಂಪನಿಗಳೂ ಇವೆ, ಮೊದಲೇ ಕೇಳಿ.

'25 ವರ್ಷ ತಿರುಗಿ ನೋಡುವ ಹಾಗಿಲ್ಲ' ಅನ್ನುವ ಮಾತನ್ನು ಹಾಗೇ ಒಪ್ಪಬೇಡಿ. ಸ್ಟೇನ್ ಬೇಡ, ಸ್ಯಾಂಡ್‌ಪೇಪರ್ ಬೇಡ, ಅದು ನಿಜ. ತೊಳೆಯುವುದು ಬೇಕೇ ಬೇಕು. ಹಲಗೆಗಳ ಸಂದಿಯಲ್ಲಿ ಎಲೆ, ಮಣ್ಣು ಸೇರಿದರೆ ಅಲ್ಲಿ ಪಾಚಿ ಬೆಳೆಯುತ್ತದೆ. ರಬ್ಬರ್ ತಳದ ಕಾಲೊರಸನ್ನು ತಿಂಗಳುಗಟ್ಟಲೆ ಒಂದೇ ಕಡೆ ಬಿಟ್ಟರೆ ಅದರ ಅಚ್ಚು ಉಳಿದುಬಿಡುತ್ತದೆ. ಆಳವಾಗಿ ಗೀರು ಬಿದ್ದರೆ ಮರದ ಹಾಗೆ ಉಜ್ಜಿ ಸರಿ ಮಾಡಲು ಬರುವುದಿಲ್ಲ, ಉಜ್ಜಿದರೆ ಹೊದಿಕೆಯೇ ಹೋಗುತ್ತದೆ. ಒಂದು ಹಲಗೆ ಬದಲಾಯಿಸಬೇಕಾಗಿ ಬಂದರೆ, ಹತ್ತು ವರ್ಷದ ನಂತರ ಆ ಬಣ್ಣವೇ ಮಾರುಕಟ್ಟೆಯಲ್ಲಿ ಇರಲಿಕ್ಕಿಲ್ಲ. ಅದಕ್ಕೇ ಎರಡು ಮೂರು ಹಲಗೆ ಹೆಚ್ಚುವರಿಯಾಗಿ ಕೊಂಡು ಮಟ್ಟಸವಾದ ಜಾಗದಲ್ಲಿ ಇಟ್ಟುಕೊಳ್ಳಿ. ಮರದ ದೊಡ್ಡ ಅನುಕೂಲ ಇಲ್ಲೇ ಇರುವುದು. ಕೆಟ್ಟ ಹಲಗೆಯ ಸ್ಕ್ರೂ ಬಿಚ್ಚಿ ಹೊಸದು ಹಾಕಿದರೆ ಅಲ್ಲಿಗೆ ಕೆಲಸ ಮುಗಿಯಿತು.

ವಾರಂಟಿ ಕಾಗದವನ್ನು ಕೂತು ಓದಿ. 25 ವರ್ಷ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಸಾಮಾನ್ಯವಾಗಿ ಅದು ಹಲಗೆಗೆ ಮಾತ್ರ, ಬಿಚ್ಚಿ ಮತ್ತೆ ಹಾಕುವ ಕೂಲಿಗೆ ಅಲ್ಲ. ವರ್ಷ ಕಳೆದ ಹಾಗೆ ಕೊಡುವ ಮೊತ್ತ ಕಡಿಮೆಯಾಗುತ್ತಾ ಹೋಗುವ ವಾರಂಟಿಗಳೂ ಇವೆ. ಮುಖ್ಯವಾದ ಷರತ್ತು ಇನ್ನೊಂದಿದೆ, ಕಂಪನಿ ಹೇಳಿದ ಅಂತರದಲ್ಲೇ ಹಾಕಿರಬೇಕು. ಇದಕ್ಕೆ ಕಾರಣ ಇದೆ. ಮರ ನೀರಿಗೆ ಅಗಲದ ಕಡೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ. ಕಂಪೋಸಿಟ್ ಶಾಖಕ್ಕೆ ಉದ್ದಕ್ಕೇ ಬೆಳೆಯುತ್ತದೆ. ನಿಮ್ಮ 16 ಅಡಿ ಹಲಗೆ 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು 6ರಿಂದ 8 ಮಿಲಿಮೀಟರ್ ಉದ್ದವಾಗಬಹುದು. ತಣ್ಣನೆ ದಿನ ಹಲಗೆಯನ್ನು ಗೋಡೆಗೆ ತಾಗಿಸಿ ಹಾಕಿದರೆ ಬೇಸಿಗೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಎದ್ದು ನಿಲ್ಲುತ್ತದೆ. ಆದ್ದರಿಂದ ಮರದ ಕೆಲಸದಲ್ಲಿ ಪಳಗಿದ ಬಡಗಿಯಾದರೂ ಸರಿ, ಕಂಪೋಸಿಟ್ ಎಷ್ಟು ಕಡೆ ಹಾಕಿದ್ದೀರಿ ಅಂತ ಕೇಳಿ. ಎರಡು ಬೇಸಿಗೆ ಕಳೆದ ಡೆಕ್ ಒಂದನ್ನು ತೋರಿಸಲು ಹೇಳಿ.

ಮರವೇ ಬೇಕು ಅನಿಸಿದರೆ ಇನ್ನೊಂದು ದಾರಿಯೂ ಇದೆ. ತೇಗ, ದಕ್ಷಿಣ ಅಮೆರಿಕದ ಇಪೆ ಥರದ ಗಟ್ಟಿ ಮರದ ಚೇಗು (ಒಳತಿರುಳು) ತಾನಾಗಿಯೇ ಕೊಳೆ ತಡೆಯುತ್ತದೆ. ಅದಕ್ಕೆ ಎಣ್ಣೆ ಹಚ್ಚುವುದು ಮುಖ್ಯವಾಗಿ ಬಣ್ಣ ಉಳಿಯಲಿ ಅಂತ. ಬೂದು ಬಣ್ಣಕ್ಕೆ ತಿರುಗಿದರೂ ಪರವಾಗಿಲ್ಲ ಅನ್ನುವವರಿಗೆ ವರ್ಷಕ್ಕೊಂದು ತೊಳೆತ ಸಾಕು. ಬೆಲೆ ಮಾತ್ರ ಕಂಪೋಸಿಟ್‌ನಷ್ಟೇ ಅಥವಾ ಅದಕ್ಕೂ ಮೇಲೆ. ಇಪೆ ಮರದ ಅಂತರರಾಷ್ಟ್ರೀಯ ವ್ಯಾಪಾರ 2024ರ ನವೆಂಬರ್‌ನಿಂದ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಗೆ ಬಂದಿದೆ. ಎಲ್ಲಿಂದ ಕಡಿದದ್ದು ಎಂಬ ಕಾಗದಪತ್ರ ಕೇಳದೆ ಕೊಳ್ಳಬೇಡಿ.

ಪೈನ್ ಹಾಕಿಸುವವರಿಗೆ ಒಂದು ಕಿವಿಮಾತು. ಮೇಲೆ ಪೊರೆಯಾಗಿ ನಿಲ್ಲುವ ಬಣ್ಣ, ವಾರ್ನಿಶ್ ಬೇಡ. ಒಳಗೆ ಇಳಿಯುವ ಸ್ಟೇನ್ ಹಚ್ಚಿ. ಪೊರೆ ಒಂದು ಕಡೆ ಎದ್ದರೆ ಅದರಡಿ ನೀರು ಸೇರುತ್ತದೆ. ಮುಂದಿನ ಸಲ ಅದನ್ನೆಲ್ಲ ಕೆರೆದು ತೆಗೆದೇ ಹಚ್ಚಬೇಕು. ನಾನು ಹಾಕಿದ 40ರ ಲೆಕ್ಕ ಆಗ ತಲೆಕೆಳಗಾಗುತ್ತದೆ.

ಇನ್ನು ನಿಮ್ಮ ಫ್ರೇಮ್. ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆಯೇ.

ಪಕ್ಕದಿಂದ ಬಗ್ಗಿ ನೋಡಿದರೆ ತೊಲೆಗಳು ಗಟ್ಟಿಯಾಗೇ ಕಾಣುತ್ತವೆ. ಆದರೆ ಅವು ಕೊಳೆಯಲು ಶುರುವಾಗುವುದು ಮೇಲಿನ ಅಂಚಿನಿಂದ, ಹಲಗೆಯ ಅಡಿಯಲ್ಲಿ, ಸ್ಕ್ರೂ ತೂತಿನ ಸುತ್ತ. ಮಳೆನೀರು ಸಂದಿಯಿಂದ ಇಳಿದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮಧ್ಯದ ಒಂದು ಹಲಗೆ, ಗೋಡೆಯ ಪಕ್ಕದ ಒಂದು ಹಲಗೆ, ಮೆಟ್ಟಿಲ ಹತ್ತಿರದ ಒಂದು, ಇಷ್ಟನ್ನು ಬಿಚ್ಚಿ. ದೊಡ್ಡ ಸ್ಕ್ರೂಡ್ರೈವರ್‌ನ ತುದಿಯನ್ನು ತೊಲೆಯ ಮೇಲಂಚಿಗೆ ಒತ್ತಿ. ಒಳ್ಳೆ ಮರವಾದರೆ ತುದಿ ಸ್ವಲ್ಪ ಗುರುತು ಮಾಡಿ ನಿಲ್ಲುತ್ತದೆ, ಕಿತ್ತರೆ ಉದ್ದನೆ ಎಳೆ ಬರುತ್ತದೆ. ಕೊಳೆತು ಲಡ್ಡಾಗಿದ್ದರೆ ಬ್ರೆಡ್ಡಿಗೆ ಚುಚ್ಚಿದ ಹಾಗೆ ಒಳಗೆ ಹೋಗುತ್ತದೆ, ಮರ ಸಣ್ಣ ಸಣ್ಣ ತುಣುಕಾಗಿ ಉದುರುತ್ತದೆ. ಸ್ಕ್ರೂ ಬಿಚ್ಚುವಾಗ ತಲೆ ಕಿತ್ತುಕೊಂಡು ಬಂದರೆ ಅಥವಾ ಅದು ಹಿಡಿತವೇ ಇಲ್ಲದೆ ಸುಮ್ನೆ ತಿರುಗಿದರೆ, ಅದೂ ಒಂದು ಸೂಚನೆ.

ಆಮೇಲೆ ಮನೆಯ ಗೋಡೆಗೆ ತಾಗಿಸಿ ಬಿಗಿದ ಉದ್ದ ತೊಲೆಯನ್ನು ನೋಡಿ. ಡೆಕ್ ಕುಸಿದು ಜನ ಬೀಳುವ ಅಪಾಯ ಹೆಚ್ಚಾಗಿ ಇರುವುದು ಅಲ್ಲಿ. ಬೋಲ್ಟ್ ಅಥವಾ ದಪ್ಪನೆ ಸ್ಟ್ರಕ್ಚರಲ್ ಸ್ಕ್ರೂ ಇಲ್ಲದೆ ಬರೀ ಮೊಳೆ ಹೊಡೆದಿದ್ದರೆ, ಅಥವಾ ಗೋಡೆಯಿಂದ ಇಳಿಯುವ ನೀರು ಅದರ ಹಿಂದೆ ಹೋಗದಂತೆ ತಗಡು ಹಾಕಿರದಿದ್ದರೆ, ಉಳಿಸಿಕೊಳ್ಳುವ ಮಾತೇ ಬೇಡ.

ಅಂತರವನ್ನೂ ಅಳೆಯಿರಿ. ದಪ್ಪ ಮರದ ಹಲಗೆ ಹಾಕಿದ ಹಳೆ ಡೆಕ್‌ಗಳಲ್ಲಿ ತೊಲೆಗಳ ನಡುವೆ 24 ಇಂಚು ಇರುವುದೂ ಉಂಟು. ಅದರ ಮೇಲೆ ಕಂಪೋಸಿಟ್ ಹಾಕಿದರೆ ಬಿಸಿಲಿಗೆ ಬಾಗುತ್ತದೆ. ನೇರವಾಗಿ ಹಾಕುವುದಾದರೆ ಬಹುತೇಕ ಕಂಪನಿಗಳು ಕೇಳುವುದು ಹೆಚ್ಚೆಂದರೆ 16 ಇಂಚು, ಓರೆಯಾಗಿ ಹಾಕಿದರೆ 12. ನಿಮ್ಮ ಡೆಕ್‌ನ 16 ಅಡಿ ಉದ್ದಕ್ಕೆ 16 ಇಂಚಿಗೊಂದರಂತೆ 13 ತೊಲೆ, 12 ಇಂಚಿಗೊಂದರಂತೆ 17. ನೇರವಾಗಿ ಹಾಕಿದರೂ ನಾನು 12ಕ್ಕೇ ಹಾಕಿಸಿ ಅನ್ನುತ್ತೇನೆ. ನಾಲ್ಕು ತೊಲೆಯ ಖರ್ಚು ಜಾಸ್ತಿ, ಆದರೆ ಕಾಲಡಿ ಗಟ್ಟಿ ಅನಿಸುತ್ತದೆ. ಹಲಗೆಗಳನ್ನೂ 16 ಅಡಿಯವೇ ಕೊಳ್ಳಿ, ತುಂಡು ವೇಸ್ಟ್ ಆಗುವುದಿಲ್ಲ, ನಡುವೆ ಜೋಡಣೆಯೂ ಬೇಕಾಗಿಲ್ಲ.

ಒಂದು ವೇಳೆ ಪರೀಕ್ಷೆಯಲ್ಲಿ ಎಲ್ಲ ತೊಲೆಗಳೂ ಗಟ್ಟಿ ಬಂದವು ಅಂತಿಟ್ಟುಕೊಳ್ಳಿ. ಆಗಲೂ ಯೋಚಿಸಿ. 14 ವರ್ಷದ ಫ್ರೇಮ್ ಇನ್ನು ಹತ್ತು ವರ್ಷ ಬಾಳಿದರೆ ಅದೇ ದೊಡ್ಡದು. ಅದರ ಮೇಲೆ 25 ವರ್ಷದ ಹಲಗೆ ಹಾಕಿದರೆ, ಫ್ರೇಮ್ ಕೆಟ್ಟ ದಿನ ಚೆನ್ನಾಗಿರುವ ಹಲಗೆಗಳನ್ನೆಲ್ಲ ಬಿಚ್ಚಬೇಕು. ಕ್ಲಿಪ್ ಹಾಕಿದ ಹಲಗೆಗಳು ಆಗ ಒಂದೂ ಹಾಳಾಗದೆ ಬರುವುದು ಕಷ್ಟ. ಹಳೆ ಫ್ರೇಮ್ ಉಳಿಸಲೇಬೇಕು ಅಂದರೆ ಅದರ ಮೇಲೆ ಪೈನ್ ಹಲಗೆ ಹಾಕುವುದೇ ಜಾಣತನ, ಎರಡೂ ಒಟ್ಟಿಗೆ ಮುದಿಯಾಗುತ್ತವೆ. ಕಂಪೋಸಿಟ್ ಬೇಕಾದರೆ ಫ್ರೇಮ್ ಹೊಸದೇ ಆಗಲಿ.

ಹೊಸ ಫ್ರೇಮ್‌ಗೆ ಎರಡು ವಿಷಯವನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಒಂದು, ಪ್ರತಿ ತೊಲೆಯ ಮೇಲಂಚಿಗೆ ಬ್ಯುಟೈಲ್ ಟೇಪ್. ಸ್ಕ್ರೂ ತೂರಿದ ಜಾಗವನ್ನು ಅದು ಅಂಟಿಕೊಂಡು ಮುಚ್ಚುತ್ತದೆ, ನೀರು ಇಳಿಯಲು ಬಿಡುವುದಿಲ್ಲ. ಇಡೀ ಕೆಲಸದ ಖರ್ಚಿನಲ್ಲಿ ಇದರ ಪಾಲು ತೀರಾ ಸಣ್ಣದು, ಫ್ರೇಮ್‌ಗೆ ಮಾತ್ರ ವರ್ಷಗಟ್ಟಲೆ ಆಯಸ್ಸು ಕೂಡುತ್ತದೆ. ಎರಡನೆಯದು ಸ್ಕ್ರೂ, ಬೋಲ್ಟ್, ಬ್ರಾಕೆಟ್. ಈಗಿನ ಟ್ರೀಟ್‌ಮೆಂಟ್‌ನಲ್ಲಿರುವ ತಾಮ್ರ ಸಾದಾ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿ ಲೇಪಿಸಿದ) ಆದವು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬೇರೆ ಹಾಕಬಾರದು ಅಂತ ಸ್ಪಷ್ಟವಾಗಿ ಬರೆಸಿ. ಕಿತ್ತು ಹಾಕಿದ ಹಳೆ ಮರವನ್ನು ಯಾರೂ ಉರಿಸದಂತೆಯೂ ನೋಡಿಕೊಳ್ಳಿ, ಅದರ ಹೊಗೆ ಮತ್ತು ಬೂದಿ ವಿಷ. ಅದನ್ನು ಸಾಗಿಸುವ ಖರ್ಚು ಯಾರದ್ದು ಅನ್ನುವುದೂ ಕೊಟೇಶನ್‌ನಲ್ಲಿರಲಿ.

ಮೂರು ಹಲಗೆ ಬಿಚ್ಚಿ ನೋಡುವ ಕೆಲಸವನ್ನು ಈ ವಾರವೇ ಮಾಡಿ. ಅದು ಮುಗಿಯುವ ತನಕ ಯಾರಿಗೂ ಅಡ್ವಾನ್ಸ್ ಕೊಡಬೇಡಿ, ಮಕ್ಕಳನ್ನು ಗೋಡೆಯ ಕಡೆ ಗುಂಪಾಗಿ ನಿಲ್ಲಲು ಬಿಡಬೇಡಿ.